ಗಾಳದ ರೀಲಿಗೆ ಮನೆಯಲ್ಲೇ ಮಾಡಿದ ವಾಷರು

(ಕೋಥರೂಡದಲ್ಲಿ ಸೇರಿದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಈ ಜಾಗದಲ್ಲಿ ನಿಂತು ನಾನು ಸಾಮಾನ್ಯವಾಗಿ ಸಂಬಳ, ರಜೆ, ಭವಿಷ್ಯನಿಧಿ ಇವುಗಳ ವಿಷಯವನ್ನೇ ಮಾತನಾಡುವವನು. ಈ ಸಲ ಗಾಳದ ರೀಲಿನ ವಿಷಯವೆಂದು ಕಾರ್ಯದರ್ಶಿಗಳು ಹಲಗೆಯ ಮೇಲೆ ಬರೆದಾಗ ಕೆಲವರು ನಕ್ಕರಂತೆ. ನಗಲಿ, ನನಗೇನೂ ಬೇಸರವಿಲ್ಲ. ನಗುವವರು ಕೊನೆಯವರೆಗೆ ಕುಳಿತರೆ, ಈ ಮಾತಿಗೂ ನಮ್ಮ ಮಾಮೂಲು ಮಾತಿಗೂ ಎಲ್ಲಿ ಗಂಟು ಬೀಳುತ್ತದೆಂಬುದು ಅವರಿಗೇ ತಿಳಿಯುತ್ತದೆ.

ನಾನು ಕುಂದಾಪುರದ ಕಡೆಯವನು. ಎಂಟನೇ ತರಗತಿಯವರೆಗೆ ಓದಿ, ಊರವರೊಬ್ಬರ ಬೆನ್ನು ಹಿಡಿದು ಪುಣೆಗೆ ಬಂದೆ. ಮೊದಲು ಮೇಜು ಒರೆಸಿದೆ, ಬಳಿಕ ದೋಸೆಯ ಕಾವಲಿಯ ಮುಂದೆ ಒಂಬತ್ತು ವರ್ಷ ನಿಂತೆ, ಅನಂತರ ಸಂಘದ ಕೆಲಸಕ್ಕೆ ಬಂದೆ. ನಮ್ಮೂರಲ್ಲಿ ಗಂಗೊಳ್ಳಿಯ ಅಳಿವೆಯ ದಂಡೆಯಲ್ಲಿ ಬಿದಿರಿನ ಕೋಲು ಹಿಡಿದು ಕೂರದ ಹುಡುಗನೇ ಇಲ್ಲ. ಆ ಚಟ ಘಟ್ಟ ಹತ್ತಿ ಬಂದರೂ ಬಿಡಲಿಲ್ಲ. ಕೋಥರೂಡದ ಕೋಣೆಯಲ್ಲಿ ನಾವು ಆರು ಜನ ಇದ್ದೆವು. ವಾರದ ರಜೆ ಸಿಕ್ಕ ದಿನ ಒಬ್ಬ ಸಿನಿಮಾಕ್ಕೆ ಹೋದರೆ, ಒಬ್ಬ ಇಡೀ ದಿನ ಮಲಗುತ್ತಿದ್ದ. ನಾನು ಬಸ್ಸು ಹಿಡಿದು ಖಡಕವಾಸಲೆಯ ಕಡೆ ಹೋಗುತ್ತಿದ್ದೆ.

ಈ ರಜೆಯ ದಿನದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅದು ಯಾರೋ ಯಜಮಾನರು ದಯೆಯಿಂದ ಕೊಟ್ಟದ್ದಲ್ಲ. ೧೯೪೮ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಲ್ಲಿ ಹೋಟೆಲಿನವರಿಗೂ ವಾರಕ್ಕೊಂದು ರಜೆ ಎಂದು ಬರೆಸಿಕೊಂಡದ್ದು. ಅದರ ಜಾಗಕ್ಕೆ ೨೦೧೭ರಲ್ಲಿ ಬಂದ ಮಹಾರಾಷ್ಟ್ರದ ಕಾಯಿದೆಯೂ ವಾರಕ್ಕೆ ಸತತ ಇಪ್ಪತ್ತನಾಲ್ಕು ಗಂಟೆಗಳ ವಿಶ್ರಾಂತಿಯ ಮಾತನ್ನು ಉಳಿಸಿಕೊಂಡಿತು. ಕಷ್ಟಪಟ್ಟು ಪಡೆದ ದಿನವನ್ನು ನಾವು ಹೇಗೆ ಕಳೆಯುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

ಇನ್ನು ರೀಲಿಗೆ ಬರೋಣ. ಜೂನಾ ಬಾಜಾರಿನಲ್ಲಿ ಒಂದು ರವಿವಾರ ಹಳೆಯ ಕಬ್ಬಿಣದ ರಾಶಿಯಲ್ಲಿ ನನಗೊಂದು ವಿಲಾಯತಿ ರೀಲು ಸಿಕ್ಕಿತು. ಹಿಡಿಕೆ ತಿರುಗುತ್ತಿತ್ತು, ಹಲ್ಲುಗಳು ಸರಿಯಿದ್ದವು. ಅದೇ ವಾರ ದಾರ ಸುತ್ತಿಕೊಂಡು ನೀರಿನ ಬಳಿಗೆ ಹೋದೆ. ಮಧ್ಯಾಹ್ನ ಒಂದು ಒಳ್ಳೆಯ ಕಾಟ್ಲಾ ಹಿಡಿಯಿತು. ಮೀನು ಓಡಿತು, ರೀಲು ದಾರ ಬಿಡಲಿಲ್ಲ. ಮತ್ತೆ ಧಡಕ್ಕೆಂದು ಒಂದು ಗೇಣು ಬಿಟ್ಟಿತು, ಮತ್ತೆ ಹಿಡಿಯಿತು. ಮೂರನೆಯ ಸಲಕ್ಕೆ ದಾರ ಪಟ್ಟೆಂದು ಹರಿಯಿತು. ಮೀನು ಹೋದದ್ದಕ್ಕಿಂತ, ಅದರ ಬಾಯಲ್ಲಿ ನನ್ನ ಗಾಳವೂ ಹತ್ತು ಮಾರು ದಾರವೂ ಉಳಿದುವಲ್ಲ ಎಂಬುದೇ ನನಗೆ ಆ ದಿನವಿಡೀ ಚುಚ್ಚಿತು.

ರಾತ್ರಿ ರೀಲು ಬಿಚ್ಚಿ ನೋಡಿದರೆ, ಒಳಗಿನ ಫೆಲ್ಟಿನ ವಾಷರು ಒಣಗಿ, ಸುಟ್ಟ ಹಪ್ಪಳದಂತೆ ಗಟ್ಟಿಯಾಗಿತ್ತು. ಪೇಟೆಯಲ್ಲಿ ಕೇಳಿದೆ. ಆ ಮಾದರಿಯ ರೀಲು ಬರುವುದು ನಿಂತು ಎಷ್ಟೋ ವರ್ಷಗಳಾದುವು, ಬಿಡಿ ಭಾಗ ಸಿಗುವುದಿಲ್ಲ, ಹೊಸ ರೀಲನ್ನೇ ಕೊಳ್ಳಿರಿ ಎಂದರು. ಒಂದು ರೂಪಾಯಿಯಷ್ಟು ಅಗಲದ ಬಿಲ್ಲೆಗಾಗಿ ಇಡೀ ಯಂತ್ರವನ್ನು ಎಸೆಯಬೇಕೆಂದರೆ ನನ್ನ ಮನಸ್ಸು ಒಪ್ಪಲಿಲ್ಲ. ಮನೆಯಲ್ಲೇ ಮಾಡಬೇಕೆಂದು ಹಟ ಹಿಡಿದೆ.

ಈ ವಾಷರಿನ ಕೆಲಸವೇನೆಂದು ತಿಳಿಯದವರಿಗೆ ಹೇಳುತ್ತೇನೆ. ರೀಲಿನಲ್ಲಿ ಡ್ರ್ಯಾಗು ಎಂಬ ಒಂದು ತಡೆ ಇದೆ. ಮೀನು ಜೋರಾಗಿ ಎಳೆದಾಗ ದಾರ ಹರಿಯುವುದಕ್ಕೆ ಮೊದಲೇ ರೀಲು ತಾನಾಗಿ ದಾರ ಬಿಟ್ಟುಕೊಡಬೇಕು. ಆದರೆ ಸುಮ್ಮನೆ ಬಿಡಬಾರದು, ಎಳೆದವನಿಗೆ ಆಯಾಸವಾಗುವಂತೆ ಬಿಡಬೇಕು. ಇದಕ್ಕಾಗಿ ಒಳಗೆ ಒಂದು ಲೋಹದ ಬಿಲ್ಲೆ, ಅದರ ಮೇಲೆ ಒಂದು ಮೆತ್ತನೆಯ ಬಿಲ್ಲೆ, ಮತ್ತೆ ಲೋಹ, ಮತ್ತೆ ಮೆತ್ತನೆಯದು ಎಂದು ಒಂದರ ಮೇಲೊಂದು ಜೋಡಿಸಿರುತ್ತಾರೆ. ಲೋಹದ ಬಿಲ್ಲೆಗಳಲ್ಲಿ ಕೆಲವಕ್ಕೆ ಕಿವಿಗಳಿದ್ದು ಅವು ಸುರುಳಿಯೊಡನೆ ತಿರುಗುತ್ತವೆ. ಉಳಿದವು ನಡುವಿನ ದಂಡಕ್ಕೆ ಕಚ್ಚಿಕೊಂಡು ನಿಲ್ಲುತ್ತವೆ. ಮೇಲಿನ ಗುಂಡಿಯನ್ನು ಬಿಗಿದರೆ ರಾಶಿಯೆಲ್ಲ ಒತ್ತಿಕೊಂಡು ತಡೆ ಹೆಚ್ಚುತ್ತದೆ. ಸಡಿಲಿಸಿದರೆ ಕಡಿಮೆಯಾಗುತ್ತದೆ. ಮೆತ್ತನೆಯ ಬಿಲ್ಲೆ ಒಣಗಿದರೆ ಏನಾಗುತ್ತದೆಂದರೆ, ನಿಂತ ಗಾಡಿಯನ್ನು ಕದಲಿಸಲು ಓಡುವ ಗಾಡಿಯನ್ನು ತಳ್ಳುವುದಕ್ಕಿಂತ ಹೆಚ್ಚು ಬಲ ಬೇಕಾಗುವಂತೆ, ಮೊದಲ ಕದಲಿಕೆಗೇ ವಿಪರೀತ ಬಲ ಬೇಕಾಗುತ್ತದೆ. ಆ ಗಳಿಗೆಯಲ್ಲೇ ದಾರ ಹರಿಯುವುದು.

ಮೊದಲಿನವರಿಗೆ ಈ ಸೌಕರ್ಯವಿರಲಿಲ್ಲ. ಹಿಡಿಕೆ ಸುರುಳಿಗೇ ನೇರ ಅಂಟಿಕೊಂಡಿದ್ದ ರೀಲುಗಳಲ್ಲಿ ದೊಡ್ಡ ಮೀನು ಓಡಿದರೆ ಹಿಡಿಕೆ ಹಿಂದಕ್ಕೆ ಗಿರಗಿರನೆ ತಿರುಗಿ ಬೆರಳಿನ ಗೆಣ್ಣುಗಳನ್ನು ಒಡೆಯುತ್ತಿತ್ತು. ಹೆಬ್ಬೆರಳಿನಿಂದ ಚರ್ಮದ ತುಂಡನ್ನು ಒತ್ತಿ ತಡೆಯುತ್ತಿದ್ದರು. ನಮ್ಮ ಕಡೆಯವರು ತಿಳಿದಿರಬೇಕಾದ ಸಂಗತಿಯೊಂದಿದೆ. ಹಿಂದೂಸ್ಥಾನದ ಗಾಳದ ಬೇಟೆಯ ಮೇಲೆ ಬಹಳ ಹೆಸರಾದ ಇಂಗ್ಲಿಷ್ ಪುಸ್ತಕ, 'ದಿ ರಾಡ್ ಇನ್ ಇಂಡಿಯಾ', ೧೮೭೩ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಬರೆದ ಎಚ್. ಎಸ್. ಥಾಮಸರು ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದವರು. ಮುಂದೆ ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ ೧೨೦ ಪೌಂಡಿನ, ಅಂದರೆ ಸುಮಾರು ೫೪ ಕಿಲೋ ತೂಕದ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದರು. ಕಾವೇರಿಯ ಆ ಡುಬ್ಬದ ಮಹಶೀರು ಇಂದು ಅಳಿವಿನ ಅಂಚಿನಲ್ಲಿದೆ. ೨೦೧೮ರಲ್ಲಿ ಅದನ್ನು ಅತಿ ಗಂಡಾಂತರದ ಪಟ್ಟಿಗೆ ಸೇರಿಸಿದರು. ಅಂಥ ಮೀನು ಗಾಳಕ್ಕೆ ಬಂದರೆ ನೀರಿಗೇ ಬಿಡಬೇಕಾದದ್ದು ಧರ್ಮ. ಅದನ್ನು ಬಿಡುವುದಕ್ಕೂ ಮೊದಲು ದಾರ ಹರಿಯದೆ ದಡಕ್ಕೆ ಬರಬೇಕಷ್ಟೆ.

ಸಮುದ್ರದ ರೀಲುಗಳನ್ನು ಜನಸಾಮಾನ್ಯರ ಕೈಗೆ ತಂದವರಲ್ಲಿ ಒಬ್ಬರು ಒಟ್ಟೋ ಹೆನ್ಸ್ ಎಂಬ ಕಮ್ಮಟಿಗರು. ೧೯೨೨ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋಗಿ, ರೀಲಿನ ಕಾರ್ಖಾನೆಯೊಂದರಲ್ಲಿ ದುಡಿದು, ೧೯೩೨ರಲ್ಲಿ ಫಿಲಡೆಲ್ಫಿಯಾದಲ್ಲಿ ಪೆನ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಊರು ಬಿಟ್ಟು ಬಂದು ಕೈಕೆಲಸದಿಂದ ಬದುಕಿದವರು ಅವರೂ ಹೌದು, ನಾವೂ ಹೌದು.

ಈಗ ನನ್ನ ತಪ್ಪಿನ ಕಥೆ. ಈ ಭಾಷಣ ಮಾಡಲು ನಿಜವಾದ ಕಾರಣವೇ ಇದು.

ಉಜ್ಜಿದರೂ ಸವೆಯದ, ಕಾದರೂ ಸುಡದ ವಸ್ತು ಯಾವುದೆಂದು ಯೋಚಿಸಿದೆ. ಗಾಡಿಗಳ ಬ್ರೇಕು, ಕ್ಲಚ್ಚು ನೆನಪಿಗೆ ಬಂದುವು. ಪರಿಚಯದ ಒಂದು ಗ್ಯಾರೇಜಿನ ಕಸದಿಂದ ಬಹಳ ಹಳೆಯ ಲಾರಿಯೊಂದರ ಕ್ಲಚ್ಚಿನ ಪಟ್ಟಿ ಎತ್ತಿ ತಂದೆ. ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ನಮ್ಮ ಕೋಣೆಯಲ್ಲಿ ಕುಳಿತು ಅರದಿಂದ ಉಜ್ಜತೊಡಗಿದೆ. ದೀಪದ ಬೆಳಕಿನಲ್ಲಿ ಬೂದು ಪುಡಿ ಹಾರುತ್ತಿತ್ತು. ಪಕ್ಕದಲ್ಲೇ ಐದು ಜನ ಮಲಗಿದ್ದರು.

ಮೇಲಿನ ಮಾಳಿಗೆಯ ಮುದುಕರೊಬ್ಬರು ನೀರಿಗೆಂದು ಇಳಿದು ಬಂದವರು ಬಾಗಿಲಲ್ಲಿ ನಿಂತು ನೋಡಿದರು. ಅವರು ಹಿಂದೆ ಬ್ರೇಕಿನ ಪಟ್ಟಿ ಮಾಡುವ ಕಾರ್ಖಾನೆಯಲ್ಲಿ ಇದ್ದವರು. ಎರಡು ಮೆಟ್ಟಿಲು ಹತ್ತಿದರೆ ನಿಂತು ಉಸಿರೆಳೆದುಕೊಳ್ಳುವವರು. "ಅರ ಕೆಳಗಿಡು" ಎಂದರು, ಬೇರೇನೂ ಹೇಳಲಿಲ್ಲ. ತಾವೇ ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ ತಂದು ನೆಲವನ್ನು ಒರೆಸಿ, ಆ ಬಟ್ಟೆಯನ್ನೂ ಪಟ್ಟಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿದರು. ಪೊರಕೆ ಮುಟ್ಟಲು ಬಿಡಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕುಳಿತು ಹೇಳಿದರು: "ಇದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ ಮಗಾ. ನಾನು ಇದನ್ನು ಹತ್ತೊಂಬತ್ತು ವರ್ಷ ಉಸಿರಾಡಿದ್ದೇನೆ."

ಬಂಧುಗಳೇ, ಹಳೆಯ ಬ್ರೇಕು, ಕ್ಲಚ್ಚುಗಳ ಪಟ್ಟಿಯಲ್ಲಿ ಆಸ್ಬೆಸ್ಟಾಸ್ ಎಂಬ ಕಲ್ಲುನಾರನ್ನು ಬೆರೆಸುತ್ತಿದ್ದರು. ಹಳೆಯ ಕೆಲವು ರೀಲುಗಳ ವಾಷರಿನಲ್ಲೂ ಅದು ಇರಬಹುದು. ಅದರ ಧೂಳಿನ ನಾರು ಕಣ್ಣಿಗೆ ಕಾಣದಷ್ಟು ಸಣ್ಣದು. ಒಮ್ಮೆ ಶ್ವಾಸಕೋಶದೊಳಗೆ ಹೋದದ್ದು ಅಲ್ಲೇ ಉಳಿಯುತ್ತದೆ. ಶ್ವಾಸಕೋಶ ಗಟ್ಟಿಯಾಗುವ ರೋಗ, ಕ್ಯಾನ್ಸರು, ಇವು ಹತ್ತು ವರ್ಷಕ್ಕೋ ನಾಲ್ವತ್ತು ವರ್ಷಕ್ಕೋ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ಕಾರ್ಖಾನೆಯೇ ಮುಚ್ಚಿರುತ್ತದೆ, ಹಾಜರಿ ಪುಸ್ತಕ ಗೆದ್ದಲು ತಿಂದಿರುತ್ತದೆ. ಈ ಅನ್ಯಾಯವನ್ನು ಕಂಡೇ ೧೯೯೫ರಲ್ಲಿ ಸುಪ್ರೀಂ ಕೋರ್ಟು, ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನ ಕೇಂದ್ರದ ಅರ್ಜಿಯ ಮೇಲೆ, ಕಾರ್ಮಿಕನ ಆರೋಗ್ಯವು ಅವನ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ತೀರ್ಪು ಕೊಟ್ಟಿತು. ಆಸ್ಬೆಸ್ಟಾಸ್ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ೪೦ ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ ೧೫ ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದಿತು. ಆ ಕಾಗದ ಉಳಿದರೆ ಮಾತ್ರ ಮುಂದೆ ರೋಗಿಗೆ ನ್ಯಾಯ.

ಕಾರ್ಖಾನೆಯ ಧೂಳಿನ ವಿರುದ್ಧ ದನಿ ಎತ್ತುವ ನಾನೇ, ನನ್ನ ಸಂತೋಷಕ್ಕಾಗಿ ಅದೇ ಧೂಳನ್ನು ಮಲಗಿದ ಐದು ಜನರ ಮೂಗಿನ ಬಳಿ ಹಾರಿಸಿದ್ದೆ. ನನಗೆ ಅಂದು ನಿದ್ದೆ ಬರಲಿಲ್ಲ. ಆದ್ದರಿಂದ ಮೊದಲನೆಯ ಪಾಠ: ಏನೆಂದು ತಿಳಿಯದ ವಸ್ತುವನ್ನು ಉಜ್ಜಬೇಡಿರಿ, ಕೊರೆಯಬೇಡಿರಿ. ಹಳೆಯ ಬ್ರೇಕು, ಕ್ಲಚ್ಚು, ಸಿಮೆಂಟಿನ ಹಳೆಯ ಶೀಟು, ಇವುಗಳನ್ನು ಮುಟ್ಟಲೇಬೇಡಿರಿ. ನಿಮ್ಮ ಹಳೆಯ ರೀಲಿನ ವಾಷರು ಬೂದು ಬಣ್ಣವಾಗಿ, ಗಟ್ಟಿಯಾಗಿ, ಪುಡಿಪುಡಿಯಾಗುತ್ತಿದ್ದರೆ ಕೆರೆಯಬೇಡಿರಿ, ಊದಬೇಡಿರಿ. ಒದ್ದೆ ಮಾಡಿ ಎತ್ತಿ ಚೀಲದಲ್ಲಿ ಕಟ್ಟಿರಿ.

ಹಾಗಾದರೆ ಯಾವುದರಿಂದ ಮಾಡಬೇಕು? ಮೂರು ದಾರಿಗಳಿವೆ.

ಮೊದಲನೆಯದು ಉಣ್ಣೆಯ ಫೆಲ್ಟು. ಹಾರ್ಮೋನಿಯಮ್ ರಿಪೇರಿ ಮಾಡುವವರಲ್ಲಿ ಒಳ್ಳೆಯದು ಸಿಗುತ್ತದೆ. ಪೇಟೆಯಲ್ಲಿ ಉಣ್ಣೆಯೆಂದು ಹೇಳಿ ನೈಲಾನು ಜಾತಿಯದನ್ನೂ ಮಾರುತ್ತಾರೆ. ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿರಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಉಣ್ಣೆ. ಕರಗಿ ಮಣಿಯಾದರೆ ಅದು ನಮಗೆ ಬೇಡ. ಮೀನು ಓಡಿದಾಗ ಬಿಸಿಗೆ ಅದೇ ರೀತಿ ರೀಲಿನೊಳಗೂ ಕರಗುತ್ತದೆ. ಎರಡನೆಯದು ಚರ್ಮ. ಚಪ್ಪಲಿ ಹೊಲಿಯುವವರ ಬಳಿ ಬೀಳುವ ಒಂದು ಮಿಲಿಮೀಟರು ದಪ್ಪದ ಚೂರು ಸಾಕು, ಆದರೆ ಬಣ್ಣದ ಮೆರುಗು ಹಚ್ಚಿರಬಾರದು. ಮೂರನೆಯದು ಕಾರ್ಬನ್ ನಾರಿನ ತೆಳು ಹಾಳೆ. ಬಿಸಿಯನ್ನು ಇದು ಎಲ್ಲಕ್ಕಿಂತ ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಹೆಚ್ಚು. ಇದರ ಪುಡಿ ಮೈಗೆ ತಾಗಿದರೆ ಕೆರೆತ, ಉಸಿರಿಗೂ ಒಳ್ಳೆಯದಲ್ಲ. ಆದ್ದರಿಂದ ಬಾಯಿಮೂಗು ಮುಚ್ಚಿಕೊಂಡು, ಒದ್ದೆ ಮಾಡಿಕೊಂಡು, ಹೊರಗೆ ಕುಳಿತೇ ಉಜ್ಜಬೇಕು. ನಮ್ಮ ಕಾಟ್ಲಾ, ರೋಹುಗಳಿಗೆ ಫೆಲ್ಟು ಧಾರಾಳ ಸಾಕು.

ಕೆಲಸದ ಕ್ರಮ ಹೀಗೆ. ರೀಲನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚಿರಿ. ವಾಷರುಗಳ ಮೇಲೊಂದು ತಂತಿಯ ಕೊಂಡಿ ಇರುತ್ತದೆ, ಅದು ಹಾರಿ ಹೋದರೆ ಮತ್ತೆ ಸಿಗದು. ತೆಗೆದ ಒಂದೊಂದನ್ನೂ ವೃತ್ತಪತ್ರಿಕೆಯ ಮೇಲೆ ಸಾಲಾಗಿ ಇಡಿರಿ, ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿರಿ. ಲೋಹದ ಬಿಲ್ಲೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗಾಜಿನ ಮೇಲೆ ನಯವಾದ ಮರಳುಕಾಗದ ಹಾಸಿ, ನೀರು ಚಿಮುಕಿಸಿ ಮೆಲ್ಲಗೆ ತಿಕ್ಕಿರಿ. ತುಕ್ಕಿನ ಕಲೆ ಉಳಿದರೆ ಹೊಸ ಫೆಲ್ಟೂ ಎರಡೇ ದಿನದಲ್ಲಿ ಕೆಡುತ್ತದೆ.

ಬಳಿಕ ಅಳತೆ. ಬೋಹರಿ ಆಳಿಯಲ್ಲಿ ವರ್ನಿಯರು ಸಿಗುತ್ತದೆ. ಇಲ್ಲದವರು ಚಿಂತಿಸಬೇಡಿರಿ. ಬರೆಯುವ ಸಾಧಾರಣ ಬಿಳಿಹಾಳೆ ಹತ್ತು ಸೇರಿದರೆ ಸುಮಾರು ಒಂದು ಮಿಲಿಮೀಟರು. ಹಳೆಯ ವಾಷರಿನ ಪಕ್ಕದಲ್ಲಿ ಹಾಳೆಗಳನ್ನು ಅಡುಕಿ, ಬೆರಳಿನಿಂದ ಸವರಿ ಸಮವಾಗುವವರೆಗೆ ಎಣಿಸಿರಿ. ಹೊಸ ಫೆಲ್ಟು ಒತ್ತಿದರೆ ತಗ್ಗುತ್ತದೆ, ಆದ್ದರಿಂದ ಒಂದಿಷ್ಟು ದಪ್ಪವಿದ್ದರೆ ತಪ್ಪಿಲ್ಲ. ಆದರೆ ರಾಶಿ ಎತ್ತರವಾಗಿ ಕೊಂಡಿ ಕೂರದಂತಾಗಬಾರದು.

ಕತ್ತರಿಸುವಾಗ ಮೊದಲು ನಡುವಿನ ತೂತು, ಆಮೇಲೆ ಹೊರಗಿನ ಸುತ್ತು. ನಾನು ಮೊದಲು ಇದನ್ನು ತಿರುವುಮುರುವು ಮಾಡಿ ನಾಲ್ಕು ಬಿಲ್ಲೆ ಹಾಳು ಮಾಡಿದೆ. ಸಣ್ಣ ಬಿಲ್ಲೆಯನ್ನು ಹಿಡಿದು ನಡುವೆ ತೂತು ಹೊಡೆಯಹೋದರೆ ಅದು ಜಾರುತ್ತದೆ. ಚರ್ಮಕ್ಕೆ ತೂತು ಹಾಕುವ ಉಳಿಯನ್ನು ಮರದ ಮೇಲಿಟ್ಟು ಒಂದೇ ಏಟು ಹೊಡೆಯಿರಿ. ಅನಂತರ ಲೋಹದ ಬಿಲ್ಲೆಯನ್ನೇ ಮೇಲಿಟ್ಟು, ಅದರ ಅಂಚಿಗೆ ಹರಿತವಾದ ಬ್ಲೇಡು ಆನಿಸಿ, ಬ್ಲೇಡನ್ನಲ್ಲ, ಕೆಳಗಿನ ಹಲಗೆಯನ್ನು ತಿರುಗಿಸಿರಿ. ಅಂಚು ರೀಲಿನ ಗೋಡೆಗೆ ತಾಗಬಾರದು. ತಾಗಿದರೆ ತಡೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗುತ್ತದೆ.

ಇನ್ನು ಜಿಡ್ಡು. ಇಲ್ಲಿ ನನ್ನ ಎರಡನೆಯ ತಪ್ಪು. ನಾವು ಕರಾವಳಿಯವರು, ತಲೆಗೂ ತೆಂಗಿನೆಣ್ಣೆ, ಬಾಗಿಲಿನ ಕೀಲಿಗೂ ತೆಂಗಿನೆಣ್ಣೆ. ಫೆಲ್ಟಿಗೂ ಅದನ್ನೇ ಕುಡಿಸಿದೆ. ನವೆಂಬರದವರೆಗೆ ಬೆಣ್ಣೆಯಂತೆ ನಡೆಯಿತು. ಡಿಸೆಂಬರದ ಒಂದು ಬೆಳಗ್ಗೆ ರೀಲು ಕಲ್ಲಿನಂತೆ ಹಿಡಿದುಕೊಂಡಿತು. ತೆಂಗಿನೆಣ್ಣೆ ಸುಮಾರು ೨೪ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆಂಬುದು ಕುಂದಾಪುರದಲ್ಲಿ ನೆನಪಾಗುವ ಸಂಗತಿಯಲ್ಲ. ಪುಣೆಯ ಚಳಿಗಾಲದಲ್ಲಿ ಮೈಗೆ ತಾಗುತ್ತದೆ. ರೀಲಿನ ಡ್ರ್ಯಾಗಿಗೆಂದೇ ಬರುವ ಗ್ರೀಸು ಒಂದು ಸಣ್ಣ ಡಬ್ಬಿ ತಂದರೆ ಹತ್ತು ಜನರಿಗೆ ವರ್ಷಗಟ್ಟಲೆ ಸಾಲುತ್ತದೆ. ಫೆಲ್ಟಿಗೆ ಅದನ್ನು ಬೆರಳಿನಿಂದ ತಿಕ್ಕಿ ತುಂಬಿಸಿ, ಹೆಚ್ಚಾದದ್ದನ್ನು ಒರೆಸಿರಿ. ಕಾರ್ಬನ್ನಿಗೆ ತೆಳುವಾಗಿ ಸವರಿದರೆ ಸಾಕು.

ಕೊನೆಯದು ಬಿಗಿತ. ನಿಮ್ಮ ದಾರ ಎಂಟು ಕಿಲೋ ತಾಳುವುದಾದರೆ ತಡೆಯನ್ನು ಎಂಟಕ್ಕೆ ಇಡಬಾರದು. ಗಂಟು ಹಾಕಿದಲ್ಲಿ ದಾರದ ಬಲ ಕುಂದುತ್ತದೆ, ಕೋಲು ಬಾಗಿದಾಗ ತಿಕ್ಕಾಟ ಸೇರುತ್ತದೆ. ನಾಲ್ಕನೇ ಒಂದು ಪಾಲು, ಹೆಚ್ಚೆಂದರೆ ಮೂರನೇ ಒಂದು ಪಾಲು. ಎಂಟು ಕಿಲೋದ ದಾರಕ್ಕೆ ಎರಡು ಕಿಲೋ. ತಕ್ಕಡಿ ಬೇಕಾಗಿಲ್ಲ. ಒಂದು ಲೀಟರು ನೀರು ಒಂದು ಕಿಲೋ. ಎರಡು ಲೀಟರಿನ ಬಾಟಲಿ ತುಂಬಿ ದಾರದ ತುದಿಗೆ ಕಟ್ಟಿ, ಗ್ಯಾಲರಿಯಲ್ಲಿ ನಿಂತು ಕೋಲಿನ ತುದಿಯನ್ನು ನೇರ ಕೆಳಕ್ಕೆ ಮಾಡಿ ಎತ್ತಿರಿ. ಕೆಳಗೆ ಯಾರೂ ಇಲ್ಲವೆಂದು ನೋಡಿಕೊಳ್ಳಿರಿ, ಮಾರಾಯರೇ! ಗುಂಡಿಯನ್ನು ಕೂದಲೆಳೆಯಷ್ಟೇ ಸಡಿಲಿಸುತ್ತ ಬಂದರೆ ಬಾಟಲಿ ಇಳಿಯತೊಡಗುತ್ತದೆ. ಸಲೀಸಾಗಿ ಇಳಿದರೆ ನಿಮ್ಮ ವಾಷರು ಪಾಸು. ನಿಂತು ನಿಂತು ಧಡಕ್ಕೆಂದರೆ ಮತ್ತೆ ಬಿಚ್ಚಿರಿ. ಇನ್ನೊಂದು ನೆನಪಿಡಿರಿ: ದಾರ ಹೊರಗೆ ಹೋದಷ್ಟೂ ಸುರುಳಿ ಸಣ್ಣದಾಗುತ್ತದೆ, ತಡೆ ತಾನಾಗಿ ಏರುತ್ತದೆ. ಸುರುಳಿಯ ಅಡ್ಡಳತೆ ಅರ್ಧವಾದರೆ ತಡೆ ಇಮ್ಮಡಿ. ಆಗ ಬಿಗಿಯುವುದಲ್ಲ, ಸಡಿಲಿಸಬೇಕು. ಮನೆಗೆ ಬಂದ ಮೇಲೆ ಗುಂಡಿಯನ್ನು ಪೂರ್ತಿ ಸಡಿಲಿಸಿಡಿರಿ. ಇಲ್ಲದಿದ್ದರೆ ಫೆಲ್ಟು ಒತ್ತಿದಂತೆಯೇ ಚಪ್ಪಟೆಯಾಗಿ ಉಳಿಯುತ್ತದೆ.

ನೀರಿನ ಬಳಿ ಹೋಗುವವರಿಗೂ ಎರಡು ಮಾತು. ಅಣೆಕಟ್ಟಿನ ನೀರಿನಲ್ಲಿ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಅವರೂ ದುಡಿಯುವವರೇ. ಕೇಳಿ, ಅನುಮತಿ ಪಡೆದೇ ಕೂರಿರಿ. ಮಳೆಗಾಲದಲ್ಲಿ, ಮೀನು ಮೊಟ್ಟೆಯಿಡುವಾಗ, ಗಾಳ ಮನೆಯಲ್ಲಿರಲಿ. ಖಡಕವಾಸಲೆಯದು ಊರು ಕುಡಿಯುವ ನೀರು, ಅದರಲ್ಲಿ ಕೊಳಕು ಹಾಕಬೇಡಿರಿ. ದಂಡೆಯ ಕೆಸರು ನಂಬುವಂಥದಲ್ಲ. ಈಜು ಬಂದರೂ ಇಳಿಯಬೇಡಿರಿ.

ನನ್ನ ಮಾತು ಮುಗಿಯಿತು. ಅತಿ ಬಿಗಿದರೆ ಹರಿಯುತ್ತದೆ, ಅತಿ ಸಡಿಲಿಸಿದರೆ ಕೈತಪ್ಪುತ್ತದೆ ಎಂಬುದನ್ನು ಮಾಲಿಕರೊಡನೆ ಮಾತಿಗೆ ಕೂತವರೆಲ್ಲ ಬಲ್ಲರು, ಅದನ್ನು ನಾನು ವಿವರಿಸಬೇಕಿಲ್ಲ. ನಾನು ಕೇಳಿಕೊಳ್ಳುವುದು ಬೇರೆ. ಕೈಯಿಂದ ಮಾಡಬಲ್ಲದ್ದನ್ನು ಕೈಯಿಂದ ಮಾಡೋಣ. ಆದರೆ ಕೈಗೆ ಬಂದ ವಸ್ತು ಏನೆಂದು ಮೊದಲು ಕೇಳೋಣ, ಕೆಲಸದ ಜಾಗದಲ್ಲೂ, ಮಲಗುವ ಕೋಣೆಯಲ್ಲೂ. ಆ ಮುದುಕರು ಈಗ ಇಲ್ಲ. ಅವರು ಕಾರ್ಖಾನೆಯಲ್ಲಿದ್ದಾಗ "ಅರ ಕೆಳಗಿಡು" ಎನ್ನುವವರು ಯಾರೂ ಇರಲಿಲ್ಲ. ನಮಗೆ ಅವರಿದ್ದರು.

ತೂತಿನ ಉಳಿ, ಫೆಲ್ಟು, ಗ್ರೀಸಿನ ಡಬ್ಬಿ ಇವನ್ನು ಸಂಘದ ಕಪಾಟಿನಲ್ಲಿ ಇಟ್ಟಿದ್ದೇನೆ. ಬರುವ ಮಂಗಳವಾರ ಮಧ್ಯಾಹ್ನ ಮೂರರಿಂದ ಐದರವರೆಗೆ, ಊಟದ ಗಿರಾಕಿ ಹೋಗಿ ಚಹದ ಗಿರಾಕಿ ಬರುವುದರೊಳಗೆ, ನಾನು ಇಲ್ಲಿ ಕುಳಿತಿರುತ್ತೇನೆ. ರೀಲು ಇದ್ದವರು ತನ್ನಿರಿ. ಕೋಣೆಯಲ್ಲಿ ಹಳೆಯ ಬ್ರೇಕಿನ ಪಟ್ಟಿ ಇದ್ದವರು ತರಬೇಡಿರಿ, ಉಜ್ಜಬೇಡಿರಿ, ನನಗೆ ಹೇಳಿರಿ.